ಕೆರೆ ತುಂಬುವ ಹೊತ್ತಿಗೆ ಮಕ್ಕಳಿಗೆ ರಜೆ

ಕೋಲಾರವೆಂದರೆ ಬರ ಎಂದು ಕೇಳಿ ಕೇಳಿ ನಮ್ಮ ಮಕ್ಕಳ ಮನಸ್ಸಿನಲ್ಲೂ ಅದೇ ಚಿತ್ರ ಕೂತುಬಿಟ್ಟಿದೆ. ಸಾವಿರ ಅಡಿ ಕೊರೆದರೂ ಬರೀ ದೂಳು ಹಾರಿಸುವ ಕೊಳವೆಬಾವಿ, ಜಾಲಿ ಬೆಳೆದ ಕೆರೆಯಂಗಳ, ಟ್ಯಾಂಕರ್ ಮುಂದೆ ಕೊಡಗಳ ಸಾಲು. ಅದು ಸುಳ್ಳಲ್ಲ. ಆದರೆ ವರ್ಷವಿಡೀ ಇರುವ ಚಿತ್ರವೂ ಅದಲ್ಲ. ಮಲೆನಾಡಿನಲ್ಲಿ ಮಳೆ ಹಿಂದೆ ಸರಿಯುವ ಹೊತ್ತಿಗೆ ನಮ್ಮ ಕಡೆ ಮಳೆ ಗಟ್ಟಿಯಾಗುತ್ತದೆ. ವರ್ಷಕ್ಕೆ ಬೀಳುವ 700ರಿಂದ 750 ಮಿಲಿಮೀಟರ್ ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲೇ ಸುರಿಯುತ್ತದೆ. ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಎಂದು ಹಿರಿಯರು ಬೆರಳು ಮಡಿಸಿ ಎಣಿಸುವ ಮಳೆಗಳು ಇವೇ. ಆಶ್ವಯುಜ, ಕಾರ್ತಿಕದ ಎರಡು ತಿಂಗಳು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಹಸಿರಾಗಿರುವಷ್ಟು ಇನ್ಯಾವ ಕಾಲದಲ್ಲೂ ಇರುವುದಿಲ್ಲ.

ಮಕ್ಕಳ ಇಂಗ್ಲಿಷ್ ಪಠ್ಯದ ಚಿತ್ರಗಳಲ್ಲಿ ಈ ಋತುವೆಂದರೆ ಕೆಂಪಾಗಿ ಉದುರುವ ಎಲೆ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲೂ ಈಗ ಎಲೆ ಕೆಂಪಾಗಿಯೇ ಇರುತ್ತದೆ. ಆದರೆ ಅದು ಉದುರಲು ಹೊರಟ ಎಲೆಯಲ್ಲ, ಆಗಷ್ಟೇ ಹುಟ್ಟಿದ ಚಿಗುರು. ಜುಲೈ ಹೊತ್ತಿಗೆ ಕೊಯ್ಲು ಮುಗಿಸಿ, ಒಣಗಿದ ಕೊಂಬೆಗಳನ್ನು ಸವರಿ, ಬುಡಕ್ಕೆ ಗೊಬ್ಬರ ಕೊಟ್ಟ ಮರಕ್ಕೆ ಮಳೆ ಬಿದ್ದರೆ ಕೊಂಬೆಯ ತುದಿಯಲ್ಲಿ ತಾಮ್ರದ ಬಣ್ಣದ ಮೆತ್ತನೆಯ ಎಲೆ ಜೋತು ಬೀಳುತ್ತದೆ. ದಿನ ಕಳೆದಂತೆ ಅದು ತಿಳಿಹಸಿರಾಗಿ, ಆಮೇಲೆ ಕಡುಹಸಿರಾಗಿ ಬಲಿಯುತ್ತದೆ. ಹೀಗೆ ಬಲಿತ ಕಡ್ಡಿಯೇ ಸಂಕ್ರಾಂತಿಯ ಆಸುಪಾಸಿನಲ್ಲಿ ಹೂ ಬಿಡುವುದು. ತಡವಾಗಿ ಬಂದ ಚಿಗುರು ಹೂವಾಗದೆ ಬರೀ ಎಲೆಯಾಗಿ ಉಳಿಯುವುದೂ ಉಂಟು. ಪರಿಚಯದವರ ತೋಪಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ, ಒಂದು ಕೆಂಪು ಚಿಗುರಿನ ಕಡ್ಡಿಗೆ ಬಣ್ಣದ ದಾರ ಕಟ್ಟಿಸಿ. ಜನವರಿಯಲ್ಲಿ ಬಂದು ಹೂ ನೋಡಲಿ, ಮೇ ತಿಂಗಳಲ್ಲಿ ಬಂದು ಕಾಯಿ ನೋಡಲಿ. ಬಾದಾಮಿಯೋ ಬೇನಿಷಾನೋ ತೋತಾಪುರಿಯೋ, ತಾನು ದಾರ ಕಟ್ಟಿದ ಕೊಂಬೆಯ ಹಣ್ಣನ್ನು ತಿಂದ ಮಗುವಿಗೆ ಮಾವಿನ ಮರ ಹೇಗೆ ಬದುಕುತ್ತದೆ ಎಂದು ಬೇರೆ ಪಾಠ ಬೇಕಾಗುವುದಿಲ್ಲ.

ಸರಿಯಾಗಿ ಈ ಹೊತ್ತಿಗೇ ಶಾಲೆಗಳಿಗೆ ದಸರಾ ರಜೆ ಬರುತ್ತದೆ. ರಜೆ ಬಂದ ಕೂಡಲೇ ಹೆದ್ದಾರಿಯಲ್ಲಿ ಒಂದಷ್ಟು ಕಾರುಗಳು ಬೆಂಗಳೂರಿನ ಮಾಲುಗಳ ಕಡೆ, ಇನ್ನೊಂದಷ್ಟು ತಿರುಪತಿ ಕಡೆ ಓಡುತ್ತವೆ. ಹೋಗುವವರು ಸಂತೋಷವಾಗಿ ಹೋಗಿಬರಲಿ. ನನ್ನ ಮಾತು ಇಷ್ಟೇ: ಮಕ್ಕಳಿಗೆ ತೋರಿಸಬೇಕಾದದ್ದು, ಅವರ ಕೈಯಲ್ಲಿ ಮಾಡಿಸಬೇಕಾದದ್ದು ಈ ಎರಡು ತಿಂಗಳು ಮನೆಯ ಹಿಂದಿನ ಹೊಲದಲ್ಲೇ ಬಿದ್ದಿದೆ. ಊರು ಬಿಟ್ಟು ಪೇಟೆ ಸೇರಿದ ಕುಟುಂಬಗಳಿಗಂತೂ ಅಜ್ಜಿಯ ಮನೆಗೆ ಹೋಗಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಮೊದಲ ಕೆಲಸ ಬೆರಕೆ ಸೊಪ್ಪು ಕೀಳುವುದು. ಯಾರೂ ಬಿತ್ತದೆ, ನೀರು ಹಾಯಿಸದೆ, ಎರಡು ಮಳೆ ಬಿದ್ದರೆ ಸಾಕು, ಹೊಲದ ಬದುಗಳಲ್ಲಿ, ರಾಗಿ ಸಾಲಿನ ನಡುವೆ, ಬೇಲಿಯ ಬುಡದಲ್ಲಿ ತಾನಾಗಿ ಎದ್ದು ನಿಲ್ಲುವ ಸೊಪ್ಪುಗಳು. ಅಣ್ಣೆ ಸೊಪ್ಪು, ಕೀರೆ ಸೊಪ್ಪು, ಗೋಣಿ ಸೊಪ್ಪು, ದಗ್ಗಲಿ ಸೊಪ್ಪು, ಕಾಶಿ ಸೊಪ್ಪು, ಕೆರೆಯ ಕಡೆ ಹೋದರೆ ಹೊನಗೊನ್ನೆ. ಒಂದೊಂದು ಊರಲ್ಲಿ ಒಂದೊಂದು ಹೆಸರು. ತೆಲುಗು ಮಾತಾಡುವ ಮನೆಯಲ್ಲಿ ಇನ್ನೊಂದು ಹೆಸರು. ಇವನ್ನು ಗುರುತಿಸುವ ವಿದ್ಯೆ ಈಗ ಬಹುಪಾಲು ಅರವತ್ತು ದಾಟಿದ ಹೆಂಗಸರ ಕಣ್ಣಲ್ಲಿ ಮಾತ್ರ ಉಳಿದಿದೆ. ಮೊಬೈಲಿನಲ್ಲಿ ಫೋಟೊ ನೋಡಿ ಕಲಿಯುವಂಥದ್ದಲ್ಲ ಇದು. ಎಲೆಯನ್ನು ಮುಟ್ಟಬೇಕು, ಉಜ್ಜಿ ವಾಸನೆ ನೋಡಬೇಕು, ಕಾಂಡ ಮುರಿದಾಗ ಹಾಲು ಬರುತ್ತದೋ ನೀರು ಬರುತ್ತದೋ ನೋಡಬೇಕು.

ಬೆಳಿಗ್ಗೆ ಇಬ್ಬನಿ ಆರುವ ಹೊತ್ತಿಗೆ ಅಜ್ಜಿಯೊಬ್ಬರು ಮೊಮ್ಮಗನನ್ನು ಕರೆದುಕೊಂಡು ಬದುವಿನ ಮೇಲೆ ಹೊರಟರೆಂದುಕೊಳ್ಳಿ. ಅವರ ಸೆರಗು ಮಡಿಲಾಗಿದೆ, ಹುಡುಗನ ಕೈಯಲ್ಲಿ ಬಟ್ಟೆಯ ಚೀಲವಿದೆ.

“ಅವ್ವಾ, ಇದನ್ನ ಕಿತ್ಕೊಳ್ಳಲಾ?”

“ಬೇಡ ಕಣೋ, ಅದು ದನಕ್ಕೆ. ಅದರ ಪಕ್ಕದ್ದು ನೋಡು, ಅಣ್ಣೆ ಸೊಪ್ಪು. ತುದಿ ಮಾತ್ರ ಚಿವುಟು. ಬೇರು ಕಿತ್ರೆ ಮುಂದಿನ ವಾರ ನಮಗೆಲ್ಲಿ ಸಿಗುತ್ತೆ?”

ಒಂದು ತಾಸಿನಲ್ಲಿ ಚೀಲ ತುಂಬುತ್ತದೆ. ಮನೆಗೆ ಬಂದು ಅಂಗಳದಲ್ಲಿ ಸುರಿದು ಮತ್ತೊಮ್ಮೆ ಆರಿಸುವುದು ಬಹಳ ಮುಖ್ಯ; ಎಳೆಯ ಕೈ ತಪ್ಪಿ ಕಿತ್ತ ಹುಲ್ಲು, ಗೊತ್ತಿಲ್ಲದ ಗಿಡ ಎಲ್ಲ ಇಲ್ಲಿ ಹೊರಗೆ ಬೀಳುತ್ತವೆ. ಆಮೇಲೆ ಮೂರು ನಾಲ್ಕು ನೀರಿನಲ್ಲಿ ತೊಳೆದು, ಬೇಳೆ, ಟೊಮೆಟೊ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಜೊತೆ ಬೇಯಿಸಿ, ಕಟ್ಟು ಬಸಿದು, ಕಡೆಗೋಲಿನಲ್ಲಿ ಮಸೆದರೆ ಮಸ್ಸೊಪ್ಪು. ಮಸೆಯುವ ಕೆಲಸ ಮಕ್ಕಳಿಗೆ ಕೊಡಿ. ಅಂಗಡಿಯ ಪಾಲಕ್ ಕಂಡರೆ ಮುಖ ತಿರುಗಿಸುವ ಮಕ್ಕಳು ತಾವೇ ಚಿವುಟಿ, ತಾವೇ ಮಸೆದ ಸೊಪ್ಪಿಗೆ ಮುದ್ದೆ ಅದ್ದಿಕೊಂಡು ಎರಡನೇ ಸಲ ಬಡಿಸಿಕೊಳ್ಳುತ್ತಾರೆ. ಎಚ್ಚರಿಕೆಯ ಮಾತೊಂದಿದೆ: ಟೊಮೆಟೊ, ಹೂಕೋಸು, ಕ್ಯಾಪ್ಸಿಕಂ ಬೆಳೆದ ತೋಟಗಳ ಅಂಚಿನಲ್ಲಿ ಸೊಪ್ಪು ಕೀಳಬೇಡಿ. ಅಲ್ಲಿ ಔಷಧಿ ಹೊಡೆದಿರುತ್ತಾರೆ. ಮಳೆ ನಂಬಿ ಬೆಳೆದ ರಾಗಿ ಹೊಲದ ಸೊಪ್ಪೇ ಒಳ್ಳೆಯದು. ಅಣಬೆ ಕಂಡರೆ ನೋಡಿ ಸುಮ್ಮನಾಗಿ. ಚೆನ್ನಾಗಿ ಬಲ್ಲ ಹಿರಿಯರು ಜೊತೆಯಲ್ಲಿ ಇಲ್ಲದಿದ್ದರೆ ಮುಟ್ಟುವುದು ಬೇಡ.

ಸೊಪ್ಪಿಗೆ ಹೋದವರು ರಾಗಿ ಹೊಲವನ್ನು ಹಾಗೆಯೇ ದಾಟಿ ಬರಬಾರದು. ಜುಲೈ, ಆಗಸ್ಟ್‌ನಲ್ಲಿ ಬಿತ್ತಿದ ರಾಗಿ ಈಗ ತೆನೆ ಕಟ್ಟುತ್ತಿರುತ್ತದೆ. ನಮ್ಮ ಕಡೆಯ ರೈತರು ಬರೀ ರಾಗಿ ಬಿತ್ತುವವರಲ್ಲ. ಆರೆಂಟು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು ಬಿಡುತ್ತಾರೆ. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಜೋಳ, ಸಾಸಿವೆ, ಹುಚ್ಚೆಳ್ಳು, ಹರಳು. ಮನೆಗೆ ಬೇಕಾದ ಕಾಳು, ಎಣ್ಣೆ, ದನದ ಮೇವು ಎಲ್ಲವೂ ಒಂದೇ ಹೊಲದಲ್ಲಿ. ಮಳೆ ಕೈಕೊಟ್ಟು ರಾಗಿ ಸೋತರೂ ಆಳಕ್ಕೆ ಬೇರು ಬಿಟ್ಟ ತೊಗರಿ, ಹರಳು ಸೋಲುವುದಿಲ್ಲ ಎಂಬ ಲೆಕ್ಕಾಚಾರ ಅದರ ಹಿಂದಿದೆ. ಅಕ್ಟೋಬರ್‌ನಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಟ್ಟಾಗ ಜೇನುಹುಳು, ಚಿಟ್ಟೆಗಳು ಮುತ್ತುತ್ತವೆ. ಒಂದು ಅಕ್ಕಡಿ ಸಾಲಿನಲ್ಲಿ ಎಷ್ಟು ಬಗೆಯ ಗಿಡಗಳಿವೆ, ಯಾವ ಹೂವಿಗೆ ಯಾವ ಹುಳು ಬಂತು ಎಂದು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಇಬ್ಬರು ಮಕ್ಕಳಿದ್ದರೆ ಪೈಪೋಟಿ ತಾನಾಗಿಯೇ ಶುರುವಾಗುತ್ತದೆ. ಕಾಳು ಹಾಲು ತುಂಬಿ ಗಟ್ಟಿಯಾಗುವ ಹದದಲ್ಲಿ ನಾಲ್ಕು ತೆನೆ ಕೇಳಿ ಪಡೆದು, ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ಉಜ್ಜಿ, ಊದಿ, ಬೆಲ್ಲದ ಜೊತೆ ಬಾಯಿಗೆ ಹಾಕಿಕೊಳ್ಳುವ ಬೆಳಸೆಯ ರುಚಿಗೆ ಅಂಗಡಿಯ ಯಾವ ತಿಂಡಿಯೂ ಸಾಟಿಯಲ್ಲ.

ಕಡಲೆಕಾಯಿ ಕೀಳುವ ಕಾಲವೂ ಇದೇ. ಗಿಡದ ಬುಡ ಹಿಡಿದು ಎಳೆದಾಗ ಹಸಿ ಮಣ್ಣಿನೊಳಗಿಂದ ಕಾಯಿಗಳ ಗೊಂಚಲು ಈಚೆ ಬರುವುದನ್ನು ಮೊದಲ ಸಲ ಕಂಡ ಮಗುವಿನ ಮುಖವನ್ನು ನೀವು ನೋಡಬೇಕು. ನೆಲದ ಮೇಲೆ ಹಳದಿ ಹೂ, ನೆಲದೊಳಗೆ ಕಾಯಿ, ಇದು ಹೇಗೆ? ಹೂ ಬಾಡಿದ ಮೇಲೆ ಅದರ ಬುಡದಿಂದ ಸಣ್ಣ ಕಡ್ಡಿಯೊಂದು ಕೆಳಕ್ಕೆ ಬೆಳೆದು ಮಣ್ಣಿಗೆ ಇಳಿಯುತ್ತದೆ, ಅದರ ತುದಿಯೇ ಒಳಗೆ ಹೋಗಿ ಕಾಯಿಯಾಗುತ್ತದೆ. ಮಣ್ಣು ಗಟ್ಟಿಯಾಗಿದ್ದರೆ ಕಡ್ಡಿ ಇಳಿಯುವುದಿಲ್ಲ, ಕಾಯಿ ಕಟ್ಟುವುದಿಲ್ಲ. ನಮ್ಮ ಕೆಂಪು ಮರಳುಮಣ್ಣು ಅದಕ್ಕೆ ಹೇಳಿಮಾಡಿಸಿದಂತಿದೆ. ಕಿತ್ತ ಗಿಡದಲ್ಲಿ ಇನ್ನೂ ಮಣ್ಣು ಮುಟ್ಟದ ಕಡ್ಡಿಗಳೂ, ಎಳೆಯ ಕಾಯಿಗಳೂ, ಬಲಿತವೂ ಒಟ್ಟಿಗೇ ಇರುತ್ತವೆ. ಅವನ್ನು ಸಾಲಾಗಿ ಜೋಡಿಸಿ ತೋರಿಸಿ. ಉಳಿದದ್ದಕ್ಕೆ ಉಪ್ಪು ಹಾಕಿ ಬೇಯಿಸಿ.

ರೇಷ್ಮೆ ಸಾಕುವ ಮನೆ ಹತ್ತಿರದಲ್ಲಿದ್ದರೆ ಮಕ್ಕಳಿಗೆ ಅದಕ್ಕಿಂತ ದೊಡ್ಡ ಅಚ್ಚರಿ ಬೇರಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ತಾಲ್ಲೂಕುಗಳಲ್ಲಿ ಹಿಪ್ಪುನೇರಳೆ ತೋಟಗಳಿವೆ. ಮಳೆಯಾದ ಮೇಲೆ ಸೊಪ್ಪು ಹುಲುಸಾಗಿರುತ್ತದೆ. ಮೊಟ್ಟೆ ಒಡೆದು ಬಂದ ಹುಳು ಕೂದಲೆಳೆಯಷ್ಟು ಸಣ್ಣದು. ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ರೈತರು ಅದನ್ನು ಜ್ವರ ಎನ್ನುತ್ತಾರೆ. ಮೊದಲನೇ ಜ್ವರ, ಎರಡನೇ ಜ್ವರ ಎಂದು ಎಣಿಸುತ್ತಾರೆ. ಜ್ವರದಲ್ಲಿರುವ ಹುಳು ತಲೆ ಎತ್ತಿ ಅಲ್ಲಾಡದೆ ನಿಂತಿರುತ್ತದೆ, ಆಗ ಸೊಪ್ಪು ಕೊಡುವಂತಿಲ್ಲ. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರ ಹುಳುಗಳ ಹಸಿವಿಗೆ ಮಿತಿಯಿಲ್ಲ. ಹೊಸ ಸೊಪ್ಪು ಹಾಕಿದ ಐದು ನಿಮಿಷಕ್ಕೆ ಮನೆಯೊಳಗೆ ಸದ್ದಿಲ್ಲದೆ ನಿಂತು ಕಿವಿಗೊಟ್ಟರೆ ಸಾವಿರಾರು ಹುಳುಗಳು ಎಲೆ ಕತ್ತರಿಸುವ ಸದ್ದು ಗರಿಯ ಚಪ್ಪರದ ಮೇಲೆ ಬೀಳುವ ತುಂತುರು ಮಳೆಯಂತೆ ಕೇಳುತ್ತದೆ. ಆಮೇಲೆ ಹುಳು ಹಣ್ಣಾಗುತ್ತದೆ. ಮೈ ಪಾರದರ್ಶಕವಾಗಿ, ಮೇವು ಬಿಟ್ಟು, ತಲೆ ಆಡಿಸತೊಡಗುತ್ತದೆ. ಅವನ್ನು ಒಂದೊಂದಾಗಿ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಹಾಕುವ ದಿನ ಮನೆಮಂದಿಯೆಲ್ಲ ಸೇರಿದರೂ ಕೈ ಸಾಲದು. ಎರಡು ಮೂರು ದಿನದಲ್ಲಿ ಗೂಡು ಸಿದ್ಧ. ಒಂದೇ ಗೂಡಿನಿಂದ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಉದ್ದದ ಎಳೆ ಬಿಚ್ಚಬಹುದು ಎಂದಾಗ ಮಕ್ಕಳು ನಂಬುವುದಿಲ್ಲ.

ಹುಳುಮನೆಗೆ ಹೋಗುವಾಗ ಶಿಸ್ತು ಬೇಕು. ಸೆಂಟು, ಪೌಡರು ಹಾಕಿಕೊಂಡು ಹೋಗಬಾರದು. ಚಪ್ಪಲಿ ಹೊರಗೆ, ಕೈ ತೊಳೆದು ಒಳಗೆ. ಒಂದು ತಪ್ಪಿಗೆ ಇಡೀ ಬೆಳೆಗೆ ರೋಗ ತಗಲಬಹುದು, ಒಂದು ಮನೆಯ ತಿಂಗಳ ದುಡಿಮೆ ಹಾಳಾಗಬಹುದು. ಇದನ್ನು ಮಕ್ಕಳಿಗೆ ಮೊದಲೇ ತಿಳಿಹೇಳಿ. ಹೇಳಿದರೆ ಅವರು ದೊಡ್ಡವರಿಗಿಂತ ಚೆನ್ನಾಗಿ ಪಾಲಿಸುತ್ತಾರೆ.

ಮಾಲೂರಿನ ಕಡೆಗೆ ಬಂದರೆ ಮಣ್ಣು ಮತ್ತು ಕಲ್ಲು. ಮಾಲೂರಿನ ಹೆಂಚು, ಇಟ್ಟಿಗೆಗೆ ಹಿಂದಿನಿಂದಲೂ ಹೆಸರಿದೆ. ಮಳೆಯ ದಿನಗಳಲ್ಲಿ ಹಸಿ ಇಟ್ಟಿಗೆ ಒಣಗದು, ಗೂಡುಗಳ ಕೆಲಸ ನಿಧಾನವಾಗಿರುತ್ತದೆ. ಆದರೆ ಮಕ್ಕಳ ಕೈಗೆ ಬೇಕಾದ ಮಣ್ಣಿಗೆ ಇದೇ ಸರಿಯಾದ ಕಾಲ. ಕೆರೆಯಂಚಿನ ಜಿಗುಟು ಮಣ್ಣನ್ನು ತಂದು, ಕಲ್ಲು ಆರಿಸಿ, ನಾದಿ, ಎತ್ತು, ಬಂಡಿ, ಹಣತೆ ಏನಾದರೂ ಮಾಡಲಿ. ನೆರಳಿನಲ್ಲಿ ವಾರ ಒಣಗಿದರೆ ಅವು ನವರಾತ್ರಿಯ ಗೊಂಬೆ ಮೆಟ್ಟಿಲ ಕೆಳಸಾಲಿಗೆ ಬರುತ್ತವೆ, ಹಣತೆಗಳು ಕಾರ್ತಿಕಕ್ಕೆ ಒದಗುತ್ತವೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೂ ಒಂದು ದಿನ ಹೋಗಬೇಕು. ಅಲ್ಲಿ ಮನೆಮನೆಯ ಮುಂದೆ ಉಳಿ, ಸುತ್ತಿಗೆಯ ಸದ್ದು. ತಲೆಮಾರುಗಳಿಂದ ದೇವರ ವಿಗ್ರಹ ಕಡೆಯುವ ಶಿಲ್ಪಿಗಳ ಊರದು. ಗಂಗ ಅರಸರ ಕಾಲದಿಂದ ಈ ಕೆಲಸ ನಡೆದುಬಂದಿದೆ ಎಂದು ಊರವರು ಹೇಳುತ್ತಾರೆ. ಬರೀ ಕಪ್ಪು ಬಂಡೆಯೊಂದು, ಪಕ್ಕದಲ್ಲಿ ಗೆರೆ ಎಳೆದ ಇನ್ನೊಂದು, ಅದರಾಚೆ ಕೈಕಾಲು ಮೂಡಿದ್ದು, ಕೊನೆಗೆ ಹೊಳಪು ಕೊಟ್ಟದ್ದು, ಹೀಗೆ ಒಂದೇ ಬೀದಿಯಲ್ಲಿ ವಿಗ್ರಹದ ಹುಟ್ಟಿನ ಎಲ್ಲ ಹಂತಗಳೂ ಕಣ್ಣಿಗೆ ಬೀಳುತ್ತವೆ. ವಿಗ್ರಹದ ಮುಖವೇ ಅಳತೆಗೋಲು, ಮೈಯ ಉದ್ದವೆಲ್ಲ ಅದರ ಲೆಕ್ಕದಲ್ಲೇ ನಿಲ್ಲುತ್ತದೆ ಎಂದು ಶಿಲ್ಪಿಗಳು ವಿವರಿಸುವುದನ್ನು ಕೇಳಿದ ಮಕ್ಕಳಿಗೆ ಭಿನ್ನರಾಶಿಯ ಲೆಕ್ಕ ಬೇರೆಯೇ ತೋರುತ್ತದೆ. ಕೆಲಸದ ಹೊತ್ತಿನಲ್ಲಿ ಕಲ್ಲಿನ ಚೂರುಗಳು ಹಾರುತ್ತವೆ, ಮಕ್ಕಳನ್ನು ಸ್ವಲ್ಪ ದೂರದಲ್ಲೇ ನಿಲ್ಲಿಸಿಕೊಳ್ಳಿ.

ಬೆಟ್ಟ ಹತ್ತುವುದಕ್ಕೆ ಕೋಲಾರದ ಅಂತರಗಂಗೆ ಇದ್ದೇ ಇದೆ. ಪೇಟೆಯಿಂದ ಮೂರು ನಾಲ್ಕು ಕಿಲೋಮೀಟರ್. ಕಾಶಿ ವಿಶ್ವೇಶ್ವರನ ಗುಡಿಯ ಹತ್ತಿರ ಕಲ್ಲಿನ ಬಸವನ ಬಾಯಿಂದ ಬೀಳುವ ನೀರು ಬೇಸಿಗೆಯಲ್ಲೂ ನಿಲ್ಲದು. ಈಗಂತೂ ತುಂಬಿ ಸುರಿಯುತ್ತದೆ. ಕಾರ್ತಿಕ ಸೋಮವಾರಗಳಲ್ಲಿ ಭಕ್ತರ ಸಂದಣಿ ಹೆಚ್ಚು, ಆದ್ದರಿಂದ ಚಿಕ್ಕ ಮಕ್ಕಳಿದ್ದವರು ಬೇರೆ ದಿನ ಬೆಳಿಗ್ಗೆ ಬೇಗ ಹೋಗುವುದು ಲೇಸು. ಕೈಯಲ್ಲಿ ತಿಂಡಿಯ ಪೊಟ್ಟಣ ಕಂಡರೆ ಕೋತಿಗಳು ಬಿಡುವುದಿಲ್ಲ. ಗುಡಿಯಿಂದ ಮೇಲಕ್ಕೆ ಶತಶೃಂಗದ ಬಂಡೆಗಳು. ಈ ಸೀಮೆಯ ಕಲ್ಲು ಸುಮಾರು 250 ಕೋಟಿ ವರ್ಷ ಹಳೆಯದು. ಮಳೆ, ಬಿಸಿಲು ಅದನ್ನು ಸೀಳಿ, ಉರುಳಿಸಿ, ಒಂದರ ಮೇಲೊಂದು ಪೇರಿಸಿ ಗುಹೆಗಳನ್ನು ಮಾಡಿವೆ. ದಾರಿ ಬಲ್ಲ ಸ್ಥಳೀಯರಿಲ್ಲದೆ ಗುಹೆಗಳಿಗೆ ಇಳಿಯಬೇಡಿ, ಪಾಚಿ ಕಟ್ಟಿದ ಬಂಡೆ ಜಾರುತ್ತದೆ.

ಪೇಟೆಯೊಳಗೆ ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ಶಾಸನಗಳಿವೆ. ಅಲ್ಲೇ ಚೇಳಮ್ಮನ ಸನ್ನಿಧಿಯಿದೆ. ಆಕೆಗೆ ನಡೆದುಕೊಂಡರೆ ಚೇಳು ಕಚ್ಚುವುದಿಲ್ಲ ಎಂಬ ನಂಬಿಕೆಯ ಕತೆಯನ್ನು ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಮುಳಬಾಗಿಲಿಗೆ ಹೋದರೆ ಕುರುಡುಮಲೆಯ ಆಳೆತ್ತರ ಮೀರಿದ ಗಣಪ, ಅದರ ಹತ್ತಿರದ ಸೋಮೇಶ್ವರ, ಊರೊಳಗಿನ ಆಂಜನೇಯ, ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಮಠ ಎಲ್ಲವೂ ಒಂದೇ ದಿನದ ಸುತ್ತಾಟಕ್ಕೆ ಸಿಗುತ್ತವೆ. ಮಧ್ಯೆ ಮುಳಬಾಗಿಲಿನ ದೋಸೆಗೆ ನಿಲ್ಲುವುದನ್ನು ಯಾರೂ ನೆನಪಿಸಬೇಕಾಗಿಲ್ಲ.

ಆದರೆ ಒಂದೇ ಒಂದು ಜಾಗಕ್ಕೆ ಹೋಗಲು ಬಿಡುವಿದ್ದರೆ ನಾನು ಆವನಿ ಎನ್ನುತ್ತೇನೆ. ಮುಳಬಾಗಿಲಿನಿಂದ ಸುಮಾರು 13 ಕಿಲೋಮೀಟರ್. ವಾಲ್ಮೀಕಿಯ ಆಶ್ರಮ ಇಲ್ಲಿತ್ತು, ಸೀತೆ ಲವಕುಶರನ್ನು ಹೆತ್ತದ್ದು ಇಲ್ಲೇ ಎಂಬುದು ಜನರ ನಂಬಿಕೆ. ಊರಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಸಮೂಹವಿದೆ. ರಾಮ, ಲಕ್ಷ್ಮಣ, ಭರತ, ಶತ್ರುಘ್ನ ನಾಲ್ವರ ಹೆಸರಿನಲ್ಲೂ ಒಂದೊಂದು ಈಶ್ವರನ ಗುಡಿ. ಬೆಟ್ಟದ ಮೇಲೆ ಸೀತೆಗೆ ಗುಡಿಯಿದೆ. ರಾತ್ರಿ ರಾಮಾಯಣದ ಕೊನೆಯ ಭಾಗದ ಕತೆ ಹೇಳಿ, ಬೆಳಿಗ್ಗೆ ಮಕ್ಕಳನ್ನು ಇಲ್ಲಿ ಹತ್ತಿಸಿ. ಬಂಡೆಗಳ ನಡುವೆ ನಿಂತ ನೀರು, ಅದರ ಮೇಲೆ ಹಾರುವ ಏರೋಪ್ಲೇನ್ ಚಿಟ್ಟೆಗಳು, ಮೇಲಿನಿಂದ ಕಾಣುವ ಕೆರೆಗಳು ಎಲ್ಲವನ್ನೂ ನೋಡುತ್ತ ಹತ್ತುವ ಮಕ್ಕಳು ಕಾಲು ನೋವೆನ್ನುವುದಿಲ್ಲ.

ಕೆರೆಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ಹಿರಿಯರು ಕಟ್ಟಿಸಿದ ಕೆರೆಗಳು 2,000ಕ್ಕೂ ಹೆಚ್ಚು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ನಿಮ್ಮೂರಿನ ಕೆರೆಯ ಏರಿಯ ಮೇಲೆ ಮಕ್ಕಳನ್ನು ನಡೆಸಿ. ಇದು ತೂಬು, ಇದು ಕೋಡಿ, ಅಗೋ ಆ ಕಡೆ ಅಚ್ಚುಕಟ್ಟು, ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡಿಕೊಳ್ಳಲು ಹಿಂದೆ ನೀರುಗಂಟಿ ಇರುತ್ತಿದ್ದ ಎಂದು ತೋರಿಸಿ ಹೇಳಿ. ಮನೆಗೆ ಬಂದು ಮೇಲಿನ ಕೆರೆ ಯಾವುದು, ಕೆಳಗಿನದು ಯಾವುದು ಎಂದು ಅವರೇ ನಕ್ಷೆ ಬರೆಯಲಿ. 2021ರ ನವೆಂಬರ್ ಮಳೆಗೆ ಜಿಲ್ಲೆಯ ಎಷ್ಟೋ ಕೆರೆಗಳು ಬಹಳ ವರ್ಷಗಳ ಮೇಲೆ ಕೋಡಿ ಹರಿದಾಗ ಊರಿಗೆ ಊರೇ ಏರಿಯ ಮೇಲೆ ನಿಂತು ನೋಡಿತ್ತು. ಗಂಗಮ್ಮನಿಗೆ ಪೂಜೆ, ತೆಪ್ಪೋತ್ಸವ ನಡೆದಿದ್ದವು. ಕೆರೆಯಂಚಿನಲ್ಲಿ ಬೆಳಗಿನ ಹೊತ್ತು ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ಗುಳುಮುಳುಕ, ಮಿಂಚುಳ್ಳಿ, ನೀರುಕಾಗೆ ಕಾಣಸಿಗುತ್ತವೆ. ಚಳಿ ಶುರುವಾದಂತೆ ದೂರದಿಂದ ಬಂದ ಹಕ್ಕಿಗಳೂ ಸೇರಿಕೊಳ್ಳುತ್ತವೆ.

ಆದರೆ ಕೆರೆ ನೋಡುವುದಕ್ಕೆ ಮಾತ್ರ, ಇಳಿಯುವುದಕ್ಕಲ್ಲ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂತು. ಆಮೇಲೆ ಒಂದರ ಹಿಂದೊಂದು ಕೆರೆಗೆ ಹರಿದಿದೆ. ಅದು ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿದ ನೀರು. ಅಂತರ್ಜಲ ಏರಲೆಂದು ಬಿಟ್ಟದ್ದೇ ಹೊರತು ಮಕ್ಕಳು ಈಜಲು, ಆಡಲು ಅಲ್ಲ. ಅದಕ್ಕಿಂತ ದೊಡ್ಡ ಅಪಾಯ ಹೊಲಗಳಲ್ಲಿನ ಕೃಷಿ ಹೊಂಡಗಳದ್ದು. ಒಳಗೆಲ್ಲ ಪ್ಲಾಸ್ಟಿಕ್ ಹಾಸಿರುವುದರಿಂದ ಬಿದ್ದವರಿಗೆ ಕೈಕಾಲು ಊರಲು ಹಿಡಿತ ಸಿಗುವುದಿಲ್ಲ. ಈಜು ಬಲ್ಲವರೂ ಮೇಲೆ ಬರಲಾಗದೆ ಮುಳುಗುತ್ತಾರೆ. ರಜೆಗೆಂದು ಊರಿಗೆ ಬಂದ ಮಕ್ಕಳಿಗೆ ಈ ಹೊಂಡಗಳ ಪರಿಚಯವೇ ಇರುವುದಿಲ್ಲ. ಹೊಲಕ್ಕೆ ಕಳಿಸುವ ಮುಂಚೆ ಹೊಂಡ ಎಲ್ಲಿದೆ, ಬೇಲಿ ಇದೆಯೇ ಎಂದು ದಯವಿಟ್ಟು ಕೇಳಿ ತಿಳಿದುಕೊಳ್ಳಿ. ದೊಡ್ಡವರೊಬ್ಬರು ಜೊತೆಗಿರಲೇಬೇಕು.

ಮಳೆ ಹಿಡಿದು ಹೊರಗೆ ಹೋಗಲಾಗದ ದಿನ ಚೌಕಾಬಾರ, ಅಳಗುಳಿಮನೆ ಹೊರಗೆ ತೆಗೆಯಿರಿ. ಹುಣಸೆಬೀಜ ಅರ್ಧಕ್ಕೆ ತೇಯ್ದರೆ ದಾಳ ಸಿದ್ಧ. ಸಂಜೆಗೆ ಮಾಸ್ತಿಯವರ ಒಂದು ಸಣ್ಣ ಕತೆ ಗಟ್ಟಿಯಾಗಿ ಓದಿ. 1891ರಲ್ಲಿ ಅವರು ಹುಟ್ಟಿದ್ದು ಇದೇ ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ ಎಂದು ಹೇಳಿ. ಡಿ.ವಿ.ಜಿ. ಹುಟ್ಟಿದ್ದು 1887ರಲ್ಲಿ, ಮುಳಬಾಗಿಲಿನಲ್ಲಿ. ರೈಲು ಇಷ್ಟಪಡುವ ಮಕ್ಕಳಿದ್ದರೆ ಕೋಲಾರದಿಂದ ಶ್ರೀನಿವಾಸಪುರದ ಮೇಲೆ ಚಿಂತಾಮಣಿಗೆ ಹೋಗುವ ಗಾಡಿಯಲ್ಲಿ ಕೂರಿಸಿ. ಹಿಂದೆ ಕಿರಿದಾದ ಹಳಿಯ ಪುಟ್ಟ ರೈಲು ಓಡುತ್ತಿದ್ದ ದಾರಿಯದು, ಈಗ ದೊಡ್ಡ ಹಳಿ. ಮಾವಿನ ತೋಪು, ರಾಗಿ ಹೊಲ, ಬಂಡೆಗುಡ್ಡ, ಎಲ್ಲ ಕಿಟಕಿಯಲ್ಲೇ. ದಿನಕ್ಕೆ ಗಾಡಿಗಳು ಕಡಿಮೆ, ವೇಳೆ ವಿಚಾರಿಸಿಕೊಂಡು ಹೊರಡಿ.

ಇನ್ನು ಹಬ್ಬ. ಮಹಾಲಯ ಅಮಾವಾಸ್ಯೆಗೆ ನಾಲ್ಕೈದು ದಿನ ಮುಂಚೆ ಅಗಲವಾದ ತಟ್ಟೆಗಳಲ್ಲಿ ಮಣ್ಣು ಹರಡಿ ಮಕ್ಕಳ ಕೈಯಿಂದ ರಾಗಿ, ಮೆಂತ್ಯ, ಸಾಸಿವೆ ಬಿತ್ತಿಸಿ, ದಿನಕ್ಕೊಮ್ಮೆ ನೀರು ಚಿಮುಕಿಸಲಿ. ಗೊಂಬೆ ಕೂಡಿಸುವ ಹೊತ್ತಿಗೆ ಹಸಿರು ಪೈರು ಎದ್ದಿರುತ್ತದೆ. ಪಟ್ಟದ ಗೊಂಬೆಗಳ ಕೆಳಗೆ ಹೊಲ, ಕೆರೆ, ಸಂತೆ, ಬೆಟ್ಟ ಎಲ್ಲವನ್ನೂ ಮಕ್ಕಳೇ ಜೋಡಿಸಲಿ. ಹೊಳೆಯುವ ಅಂಗಡಿ ಗೊಂಬೆಗಿಂತ ಶಿವಾರಪಟ್ಟಣ ನೋಡಿಬಂದ ಹುಡುಗಿ ಮಣ್ಣಲ್ಲಿ ಮಾಡಿದ ವಕ್ರ ಮೂಗಿನ ಶಿಲ್ಪಿಗೆ ಬಂದವರೆಲ್ಲರ ಮೆಚ್ಚುಗೆ ಹೆಚ್ಚು.

ದೀಪಾವಳಿಗೆ ನಮ್ಮ ಕಡೆ ಪಟಾಕಿಗಿಂತ ದೊಡ್ಡದು ನೋಮು. ಕೇದಾರೇಶ್ವರನ ವ್ರತ, ಇಪ್ಪತ್ತೊಂದು ಎಳೆಯ ನೋಮುದಾರ, ಇಪ್ಪತ್ತೊಂದು ಕಜ್ಜಾಯ. ನೋಮು ಇರುವ ಮನೆಗಳಲ್ಲಿ ಹಿಂದಿನ ದಿನವೇ ಕಜ್ಜಾಯದ ಸಂಭ್ರಮ. ನೆನೆದ ಅಕ್ಕಿಯ ನೀರು ಬಸಿದು, ಬಟ್ಟೆಯ ಮೇಲೆ ನೆರಳಿನಲ್ಲಿ ಹರಡಿ, ಪೂರ್ತಿ ಆರುವ ಮೊದಲೇ ಹಿಟ್ಟು ಮಾಡಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟು ತೇವ ಇರಬೇಕು. ಪಾಕದ ಹದ ನೋಡುವುದೇ ಮಕ್ಕಳಿಗೆ ಆಟ: ಬಟ್ಟಲ ನೀರಿಗೆ ಒಂದು ತೊಟ್ಟು ಬೆಲ್ಲದ ಪಾಕ ಬಿಟ್ಟರೆ ಕರಗಬಾರದು, ಬೆರಳಲ್ಲಿ ಸೇರಿಸಿದರೆ ಮೆತ್ತನೆಯ ಉಂಡೆಯಾಗಬೇಕು. ಎಳೆಯದಾದರೆ ಕಜ್ಜಾಯ ಎಣ್ಣೆಯಲ್ಲಿ ಒಡೆಯುತ್ತದೆ, ಹದ ಮೀರಿದರೆ ಕಲ್ಲಾಗುತ್ತದೆ. ಹಿಟ್ಟು, ಎಳ್ಳು, ಗಸಗಸೆ, ಏಲಕ್ಕಿ ಸೇರಿಸಿ ಒಂದು ರಾತ್ರಿ ಇಟ್ಟು, ಬಾಳೆಯೆಲೆಯ ಮೇಲೆ ತಟ್ಟುವುದನ್ನು ಮಕ್ಕಳಿಗೆ ಬಿಡಿ. ಬಾಣಲೆಯ ಕೆಲಸ, ಸೌಟುಗಳ ನಡುವೆ ಒತ್ತಿ ಎಣ್ಣೆ ಇಳಿಸುವ ಕೆಲಸ ದೊಡ್ಡವರದ್ದೇ ಇರಲಿ. ನೋಮು ಇಲ್ಲದ ಮನೆಯ ಮಕ್ಕಳಿಗೂ ಅಕ್ಕಪಕ್ಕದ ಮನೆಯಿಂದ ಕಜ್ಜಾಯ ಬಂದೇ ಬರುತ್ತದೆ.

ರಾತ್ರಿಯೊಂದು ಬಿಡುವಿದ್ದರೆ ಹುಣ್ಣಿಮೆಗೆ ಕೋಲಾರದ ಬೆಟ್ಟ ಹತ್ತಿ. ತೇರಹಳ್ಳಿ ಬೆಟ್ಟದ ಮೇಲೆ ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರವಿದೆ. ಅಲ್ಲಿನ ‘ಹುಣ್ಣಿಮೆ ಹಾಡು’ ಕಾರ್ಯಕ್ರಮದಲ್ಲಿ ಬೆಳದಿಂಗಳ ಕೆಳಗೆ ಜನಪದ ಹಾಡು, ತಮಟೆ, ನಾಟಕ ನಡೆಯುತ್ತ ಬಂದಿವೆ. ಮಳೆ ತೊಳೆದ ಆಕಾಶದ ಶರತ್ಕಾಲದ ಹುಣ್ಣಿಮೆ, ಬಂಡೆಯ ಮೇಲೆ ಜನರ ನಡುವೆ ಕೂತು ನಾಟಕ ನೋಡುವುದು, ಇವೆರಡೂ ಟಿ.ವಿ.ಯಲ್ಲಿ ಸಿಗುವುದಿಲ್ಲ. ಆ ತಿಂಗಳು ಕಾರ್ಯಕ್ರಮ ಇದೆಯೇ ಎಂದು ಮೊದಲೇ ವಿಚಾರಿಸಿ, ಮಕ್ಕಳಿಗೆ ಬೆಚ್ಚನೆಯ ಬಟ್ಟೆ ಹಾಕಿ. 800 ಮೀಟರ್‌ಗೂ ಎತ್ತರದ ನಮ್ಮ ಸೀಮೆಯಲ್ಲಿ ಅಕ್ಟೋಬರ್ ಕೊನೆಯ ರಾತ್ರಿಗೇ ಚಳಿ ಇಳಿಯುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ಹೊಲ, ತೋಪು, ಹುಳುಮನೆ ಯಾವುದೂ ಪ್ರವಾಸಿ ತಾಣವಲ್ಲ, ಯಾರದೋ ಬದುಕು. ಕಾಲಿಡುವ ಮುಂಚೆ ಮನೆಯವರನ್ನು ಕೇಳಿ, ಅವರು ಬಿಡುವಾಗಿರುವ ಹೊತ್ತಿಗೆ ಹೋಗಿ. ಮಕ್ಕಳು ಒಂದು ಬುಟ್ಟಿ ಕಡಲೆಕಾಯಿ ಬಿಡಿಸಿಕೊಟ್ಟರೆ, ಒಂದು ಹೊರೆ ಸೊಪ್ಪು ಹೊತ್ತು ತಂದರೆ ಅವರಿಗೂ ಸಂತೋಷ. ಬರುವಾಗ ಮನೆಗೆ ಬೇಕಾದ ರಾಗಿ, ಕಡಲೆಕಾಯಿ, ತರಕಾರಿಯನ್ನು ಅವರ ಹತ್ತಿರವೇ, ಅವರು ಹೇಳಿದ ಬೆಲೆಗೇ ಕೊಂಡು ತನ್ನಿ. ಚೌಕಾಸಿ ಬೇಡ.